ನಿಂತಂತೆ ಕಂಡ ನಾಲ್ಕು ನಿಮಿಷ

ಅವನು ಬಿಡಿಸಿದ ನಕ್ಷೆ ಚೆಂದವಾಗಿತ್ತು. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ಕೆಟ್ಟದಾಗಿದ್ದಿದ್ದರೆ ನಾನೇ ಅವನಿಗೆ ಚಹಾ ಕುಡಿಸಿ, “ಇರ್ಲಿ ಬಿಡೋ ತಮ್ಮಾ, ಮೊದಮೊದಲು ಹಂಗ ಆಗ್ತೈತಿ” ಎಂದು ಬೆನ್ನು ತಟ್ಟಿ ದೊಡ್ಡತನ ಮೆರೆಯುತ್ತಿದ್ದೆ. ದಾಂಡೇಲಿಯ ಅಂಬೇವಾಡಿಯಲ್ಲಿರುವ ನಮ್ಮ ಎರಡು ಕೋಣೆಯ ಕಚೇರಿಯಲ್ಲಿ ಬುಧವಾರ ಬೆಳಿಗ್ಗೆ ಯಜಮಾನರು ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎರಡೂ ಒಂದೇ ಹೊಲದ ನಕ್ಷೆ, ಹಿಂದಿನ ದಿನದ ಒಂದೇ ನಡಿಗೆಯ ಅಳತೆಯಿಂದ ತೆಗೆದದ್ದು. ಒಂದು ನನ್ನ ಲೆಕ್ಕದ್ದು. ಇನ್ನೊಂದು, ಎಂಟು ತಿಂಗಳ ಹಿಂದೆ ಮುಂಡಗೋಡದಿಂದ ಬಂದು ಸೇರಿದ ಹೊಸ ಇಂಜಿನಿಯರನದ್ದು. ಅವನ ಗೆರೆ ಹೊಲ ಸುತ್ತಿ ಬಂದು ಶುರುವಾದಲ್ಲೇ ಸೇರಿತ್ತು. ನನ್ನದು ಒಂದು ಮೂಲೆಯಲ್ಲಿ ಮುರಿದು, ಬಾಯಿ ತೆರೆದುಕೊಂಡು ಬಿದ್ದಿತ್ತು.

“ಇದು ಹೊಲಾನೋ, ಹರಕು ಕೌದಿನೋ?” ಯಜಮಾನರು ನನ್ನ ಕಾಗದ ಎತ್ತಿ ಕೇಳಿದರು.

ಹೊಸಬ ನಗಲಿಲ್ಲ. ಅದೂ ಸಿಟ್ಟು ಬರಿಸಿತು.

ನಮ್ಮ ಕೆಲಸ ಏನೆಂದು ಹೇಳಬೇಕು. ಜೋಯಿಡಾ ಕಡೆ ಕಾಡಿನಂಚಿನಲ್ಲಿ ತಲೆಮಾರುಗಳಿಂದ ಉತ್ತು ಬಿತ್ತುತ್ತ ಬಂದವರು ಹಕ್ಕುಪತ್ರ ಕೇಳಬೇಕಾದರೆ ಹೊಲದ ಗಡಿಯ ನಕ್ಷೆ ಕೊಡಬೇಕು. ಉಪಗ್ರಹದ ಸಂಕೇತ ಹಿಡಿಯುವ ಯಂತ್ರ ಬಯಲಿನಲ್ಲಿ ಸ್ಥಳ ಸರಿಯಾಗಿ ಹೇಳುತ್ತದೆ. ದಟ್ಟ ಮರಗಳ ಕೆಳಗೆ ಹೋದರೆ ಸಂಕೇತ ಎಲೆಗೆ ಬಡಿದು, ಕಾಂಡಕ್ಕೆ ಬಡಿದು, ಇಲ್ಲಿ ನಿಂತವನನ್ನು ಇಪ್ಪತ್ತು ಹೆಜ್ಜೆ ಆಚೆ ತೋರಿಸುತ್ತದೆ. ಅದಕ್ಕೆ ನಾವು ಚಪ್ಪಲಿಯ ಹಿಮ್ಮಡಿಯಲ್ಲಿ ಆ ಯಂತ್ರದ ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಜಡತ್ವ ಸಂವೇದಕ ಕೂರಿಸಿದ್ದೆವು. ಕಾಲಿನ ವೇಗ ಎಷ್ಟು ಬದಲಾಯಿತು, ಕಾಲು ಎತ್ತ ತಿರುಗಿತು ಎಂದು ಅದು ಸೆಕೆಂಡಿಗೆ ಇನ್ನೂರು ಸಲ ಬರೆದಿಡುತ್ತದೆ. ಅವನ್ನು ಕೂಡಿಸುತ್ತ ಹೋದರೆ ನಡೆದ ದಾರಿ ಸಿಗುತ್ತದೆ, ಆದರೆ ತಪ್ಪೂ ಜೊತೆಗೇ ಕೂಡುತ್ತ ಹೋಗುತ್ತದೆ. ಉಪಾಯವಿರುವುದು ಹೆಜ್ಜೆಯಲ್ಲಿ. ನಡೆಯುವ ಮನುಷ್ಯನ ಹಿಮ್ಮಡಿ ಪ್ರತಿ ಹೆಜ್ಜೆಗೂ ಒಂದು ಕ್ಷಣ ನೆಲದ ಮೇಲೆ ನಿಂತೇ ನಿಲ್ಲುತ್ತದೆ. ಆ ಕ್ಷಣದಲ್ಲಿ ವೇಗ ಸೊನ್ನೆ ಎಂದು ನಮಗೆ ಖಚಿತವಾಗಿ ಗೊತ್ತು. ಲೆಕ್ಕ ಬೇರೆ ಏನಾದರೂ ಬಡಬಡಿಸುತ್ತಿದ್ದರೆ ಅಲ್ಲಿ ಅದರ ಕಿವಿ ಹಿಂಡಬಹುದು. ಕಾಲು ನಿಂತ ಆ ಕ್ಷಣವನ್ನು ಗುರುತಿಸುವ ಭಾಗ ನಾನು ಬರೆದದ್ದು. ಎರಡು ಮಳೆಗಾಲ ಅದಕ್ಕಾಗಿ ಉಂಬಳಗಳಿಗೆ ರಕ್ತ ಕೊಟ್ಟಿದ್ದೇನೆ.

ಸಂವೇದಕದ ಮಾತು, ಉಪಗ್ರಹದ ಮಾತು ಎರಡನ್ನೂ ಕೇಳಿ, ಯಾರನ್ನು ಎಷ್ಟು ನಂಬಬೇಕೆಂದು ತೂಗಿ, ಒಂದೇ ದಾರಿ ಕೊಡುವ ಲೆಕ್ಕಕ್ಕೆ ಫಿಲ್ಟರ್ ಎನ್ನುತ್ತೇವೆ. ನನ್ನ ಫಿಲ್ಟರ್ ಹಳೆಯ ರೀತಿಯದು. ಗಣಿತ ಎಲ್ಲಿ ಬಾಗುತ್ತದೋ ಅಲ್ಲಿ ಒಂದು ನೇರ ಗೆರೆ ಇಟ್ಟು ಕೆಲಸ ಸಾಗಿಸುತ್ತದೆ. ಶುರುವಿನಲ್ಲಿ ಮುಖ ಯಾವ ದಿಕ್ಕಿಗಿದೆ ಎನ್ನುವ ಅಂದಾಜೇ ತೀರಾ ತಪ್ಪಿದ್ದರೆ ಆ ನೇರ ಗೆರೆ ಎಲ್ಲೆಲ್ಲಿಗೋ ಒಯ್ಯುತ್ತದೆ. ಹಾಗಾಗಿ ಎಲ್ಲರನ್ನೂ ನಾನು ಮೊದಲು ಹಗ್ಗದ ಗುಂಟ ಇಪ್ಪತ್ತು ಮೀಟರ್ ನೇರ ನಡೆಸುತ್ತಿದ್ದೆ. ಹೊಸಬ ಬಂದವನೇ ಬೇರೆ ಫಿಲ್ಟರ್ ಬರೆದ. ಒಂದೇ ಅಂದಾಜಿನ ಬದಲು ಅದರ ಸುತ್ತ ಒಂದಷ್ಟು ಬಿಂದುಗಳನ್ನು ಆರಿಸಿ, ಅವೆಲ್ಲವನ್ನೂ ಬಾಗಿದ ಗಣಿತದ ಮೂಲಕವೇ ಸಾಗಿಸಿ, ಎಲ್ಲಿ ಹೋಗಿ ಬೀಳುತ್ತವೆ ಎಂದು ನೋಡುವ ರೀತಿ. ಬಂಗೂರನಗರದ ಮೈದಾನದಲ್ಲಿ ಹಗ್ಗವಿಲ್ಲದೆ, ಮನಸ್ಸಿಗೆ ಬಂದ ಕಡೆ ನಡೆಸಿ ತೋರಿಸಿದ. ಹತ್ತಿಪ್ಪತ್ತು ಹೆಜ್ಜೆಯಲ್ಲಿ ಅವನ ಫಿಲ್ಟರ್ ದಿಕ್ಕು ಹಿಡಿಯಿತು. ಯಜಮಾನರು ನನ್ನ ಹಗ್ಗ ಸುತ್ತಿ ಜೀಪಿನ ಸೀಟಿನ ಕೆಳಗೆ ತುರುಕಿದರು.

ಅಂದಿನಿಂದ ಅವನು ಉಸಿರಾಡಿದರೂ ನನಗೆ ತಪ್ಪಾಗಿ ಕಾಣುತ್ತಿತ್ತು. ಜೀಪಿನ ಮುಂದಿನ ಸೀಟು ನನ್ನದಾಗಿತ್ತು, ಡ್ರೈವರ್ ಅದನ್ನು ಒರೆಸಿ ಅವನಿಗೆ ಇಡತೊಡಗಿದ. ಅವನ ಅಕ್ಷರ ಮುತ್ತಿನಂತಿತ್ತು. ಅದೆಲ್ಲ ಹಾಳಾಗಲಿ, ಅವನು ಒಳ್ಳೆಯವನಾಗಿದ್ದ. “ಮೇಡಂ, ನೀವು ಬರದದ್ದು ಬಾಳ ಸ್ವಚ್ಛ ಐತ್ರಿ, ನಾ ಅದನ್ನ ಮುಟ್ಟಿಲ್ಲ, ಹಂಗ ತಗೊಂಡೇನಿ” ಎಂದು ನನ್ನ ಹೆಜ್ಜೆ ಗುರುತಿಸುವ ಭಾಗವನ್ನು ಎಲ್ಲರೆದುರು ಹೊಗಳಿದ. ಬೈಯಲು ಒಂದು ನೆಪವನ್ನಾದರೂ ಕೊಡಬೇಕಲ್ಲ ಮನುಷ್ಯ!

ಮಂಗಳವಾರ ನಾವು ಅಳೆದದ್ದು ಒಬ್ಬ ಸಿದ್ದಿ ಹೆಂಗಸಿನ ಹೊಲ. ವಯಸ್ಸು ಅರವತ್ತು ದಾಟಿರಬೇಕು, ಊರೆಲ್ಲ ಅವಳನ್ನು ಆಯಿ ಎನ್ನುತ್ತದೆ. ಮೂರು ಕಡೆ ಭತ್ತದ ಬಯಲು, ನಾಲ್ಕನೆಯ ಕಡೆ ಕಾಡು. ಹೊಲ ಯಾರದೋ ಅವರೊಬ್ಬರೇ ಗಡಿ ನಡೆಯಬೇಕು, ಅಳೆಯುವವರು ಜೊತೆಗೆ ಹೋಗಬಾರದು ಎಂದು ಊರಿನ ಅರಣ್ಯ ಹಕ್ಕು ಸಮಿತಿಯವರು ಮೊದಲೇ ಹೇಳಿದ್ದರು. ಆಯಿಯ ಕಾಲಿಗೆ ಚಪ್ಪಲಿ ಹಾಕಿಸಿದವಳು ನಾನೇ. “ಆಯಿ, ಇದು ಬಾಳ ನಾಜೂಕ ಸಾಮಾನು. ಜ್ವಾಕಿ. ಧಕ್ಕಿ ಹತ್ತಬಾರ್ದು” ಎಂದು ಮೂರು ಸಲ ಹೇಳಿದೆ. ಆಯಿ ಹೊರಟಳು, ಮರಗಳ ಹಿಂದೆ ಮರೆಯಾದಳು, ಸ್ವಲ್ಪ ಹೊತ್ತಿಗೆ ಆಚೆ ಕಡೆಯಿಂದ ಬಂದಳು. ಅಷ್ಟೇ ನಾವು ನೋಡಿದ್ದು.

ಬುಧವಾರ ಯಜಮಾನರು ತೀರ್ಮಾನ ಹೇಳಿಬಿಟ್ಟರು. “ಶನಿವಾರ ಸಮಿತಿ ಕೂಡ್ತೈತಿ, ಇಂವನ ನಕ್ಷೆ ಒಯ್ಯೂಣು. ಇನ್ನ ಮ್ಯಾಲ ಎಲ್ಲಾ ಚಪ್ಪಲಿಗೂ ಇವನದ ಫಿಲ್ಟರ್.”

“ಅಳತಿನ ಎಲ್ಲೋ ಕೆಟ್ಟೈತ್ರಿ” ಎಂದೆ.

“ಕುಣಿಲಿಕ್ಕೆ ಬರದಾಕಿ ನೆಲಾ ಡೊಂಕು ಅಂದಿದ್ಲಂತ” ಎಂದರು ಯಜಮಾನರು. ಹೊಸಬ ತಲೆ ತಗ್ಗಿಸಿದ. ಅವನಿಗೆ ನನ್ನ ಮೇಲೆ ಕನಿಕರ ಬಂದಿತ್ತು. ಆ ಕನಿಕರ ಕಂಡು ನನ್ನ ಮೈಗೆಲ್ಲ ಬೆಂಕಿ ಬಿತ್ತು.

ಮಧ್ಯಾಹ್ನವಿಡೀ ಕೂತು ಕಚ್ಚಾ ಅಳತೆ ಕೆದಕಿದೆ. ಕಾಡಿನ ಕಡೆಯ ಗಡಿಯಲ್ಲಿ ನಾಲ್ಕು ನಿಮಿಷ ಹೆಜ್ಜೆಗಳೇ ಇರಲಿಲ್ಲ. ಚಪ್ಪಲಿ ನಿಂತಲ್ಲೇ ನಿಂತಿದೆ ಎಂದು ನನ್ನ ಭಾಗ ಬರೆದಿತ್ತು. ಆಮೇಲೆ ಮರಗಳು ಮುಗಿದು ಆಕಾಶ ತೆರೆದಲ್ಲಿ ಉಪಗ್ರಹ, ‘ಆಯಿ ಇರುವುದು ತೊಂಬತ್ತು ಮೀಟರ್ ಆಚೆ’ ಎಂದಿತ್ತು. ನನ್ನ ಫಿಲ್ಟರಿನಲ್ಲಿ ಒಂದು ಕಾವಲು ಇದೆ. ಅಂದಾಜಿಗೆ ತೀರಾ ಹೊಂದದ ಅಳತೆ ಬಂದರೆ ಒಳಗೆ ಬಿಡುವುದಿಲ್ಲ. ಅದು ಉಪಗ್ರಹವನ್ನೇ ಸುಳ್ಳುಗಾರ ಎಂದು ತಿಳಿದು ಹೊರಗಿಟ್ಟು, ಗೆರೆ ಮುರಿದುಕೊಂಡಿತ್ತು. ಹೊಸಬನ ಫಿಲ್ಟರ್ ಉಪಗ್ರಹದ ಮಾತು ಒಪ್ಪಿ, ಹಿಂದಕ್ಕೆ ಹೋಗಿ ಆ ಎರಡು ತುದಿಗಳ ನಡುವೆ ನುಣ್ಣಗೆ ಒಂದು ಗೆರೆ ಎಳೆದಿತ್ತು. ಅಂದರೆ ಆ ತೊಂಬತ್ತು ಮೀಟರ್ ಅವನು ಅಳೆದದ್ದಲ್ಲ, ಊಹಿಸಿದ್ದು! ನನಗೆ ಸ್ವರ್ಗಕ್ಕೆ ಮೂರೇ ಗೇಣು. ಹೊಲಕ್ಕೆ ಹೋಗಿ ಅವನ ತಪ್ಪನ್ನು ಕೈಯಲ್ಲಿ ಹಿಡಿದು ತರುತ್ತೇನೆ ಎಂದುಕೊಂಡೆ.

ಗುರುವಾರ ಒಬ್ಬಳೇ ಜೋಯಿಡಾ ಬಸ್ಸು ಹತ್ತಿದೆ. ಸೂಪಾ ಅಣೆಕಟ್ಟು ದಾಟುವಾಗ ಹಿನ್ನೀರಿನ ಮೇಲೆ ಇನ್ನೂ ಮಂಜಿತ್ತು. ಆಯಿ ಭತ್ತಕ್ಕೆ ಬಂದ ಹಕ್ಕಿ ಓಡಿಸುತ್ತಿದ್ದಳು. ಇದು ಬರೀ ಪರೀಕ್ಷೆ, ಜೊತೆಗೆ ಬರುತ್ತೇನೆ ಎಂದು ಹೇಳಿ ಅವಳಿಗೆ ಚಪ್ಪಲಿ ಹಾಕಿಸಿದೆ. ಇಬ್ಬರೂ ನಡೆದೆವು. ಮರಗಳ ಕೆಳಗೆ ನೂರು ಹೆಜ್ಜೆ ಹೋಗಿರಬೇಕು, ಆಯಿ ನಿಂತು ಚಪ್ಪಲಿ ಬಿಚ್ಚಿದಳು.

“ಯಾಕ ಆಯಿ? ಮುಳ್ಳ ಚುಚ್ಚಿತೇನು?”

“ಮುಳ್ಳೆಲ್ಲಿದು? ಹಿರೇರು ಅದಾರ ಇಲ್ಲೆ.” ಅವಳು ಕೈ ತೋರಿಸಿದ ಕಡೆ ಹಲಸಿನ ಮರದ ಬುಡದಲ್ಲಿ ಸಾಲಾಗಿ ಏಳೆಂಟು ಕಲ್ಲುಗಳಿದ್ದವು. ಅವಳ ಮನೆತನದಲ್ಲಿ ತೀರಿಹೋದವರು. “ಹಿರೇರ ಮುಂದ ಯಾರರ ಚಪ್ಪಲಿ ಮೆಟ್ಟಿಕೊಂಡು ಹೋಗ್ತಾರೇನ? ನೀನೂ ಬಿಡು.”

ನನ್ನ ಚಪ್ಪಲಿಯನ್ನೂ ಬಿಟ್ಟೆ. “ಮೊನ್ನಿನೂ ಹಿಂಗ ಹೋಗಿದ್ದಿ ಏನು?”

“ಹೂಂ ಮತ್ತ! ನೀನ ಹೇಳಿದೆಲ್ಲ, ಜ್ವಾಕಿ ಅಂತ. ತುಂಬಿದ ಕೊಡಾ ಹಿಡದಂಗ ಹಿಡಕೊಂಡು ಹೋಗೇನಿ. ಒಂದೀಟೂ ಅಲಗ್ಯಾಡಿಸಿಲ್ಲ ನೋಡು.” ಸಂವೇದಕವಿದ್ದ ಚಪ್ಪಲಿಯನ್ನು ಸೆರಗಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಸೊಂಟಕ್ಕೆ ಆನಿಸಿ ಹಿಡಿದು, ಸದ್ದಿಲ್ಲದೆ ಜಾರುವಂತೆ ನಡೆದಳು. ನಾನು ಭೇಷ್ ಅನ್ನುತ್ತೇನೆಂದು ತಿರುಗಿ ನೋಡಿದಳು.

ನನ್ನ ಕಣ್ಣು ಆ ಸೆರಗಿನ ಗಂಟಿನ ಮೇಲಿತ್ತು. ತರಗೆಲೆಯ ಮೇಲೆ ಹಿಮ್ಮಡಿ ಯಾವತ್ತೂ ಪೂರ್ತಿ ನಿಲ್ಲುವುದಿಲ್ಲ, ಸ್ವಲ್ಪ ಕುಸಿಯುತ್ತಲೇ ಇರುತ್ತದೆ. ಅದಕ್ಕೆಂದು ಹಿಂದಿನ ಮಳೆಗಾಲದಲ್ಲಿ ‘ನಿಂತಿದೆ’ ಎನ್ನುವ ಮಿತಿಯನ್ನು ಸಡಿಲ ಬಿಟ್ಟವಳು ನಾನು. ಆಯಿಯ ಕೈಯಲ್ಲಿದ್ದ ಚಪ್ಪಲಿಯ ಅಲುಗಾಟ ಆ ಸಡಿಲ ಮಿತಿಯೊಳಗೇ ಇತ್ತು. ಚಪ್ಪಲಿ ನಡೆಯುತ್ತಿದ್ದಾಗ ನಿಂತಿದೆ ಎಂದು ಬರೆದದ್ದು ನನ್ನ ಭಾಗ. ಹೊಸಬ ಅದನ್ನು ‘ಮುಟ್ಟದೆ, ಹಂಗ’ ತೆಗೆದುಕೊಂಡಿದ್ದ. ಅಲುಗಾಡಿಸಬೇಡ ಎಂದು ಆಯಿಗೆ ಹೇಳಿದವಳೂ ನಾನೇ. ನಕ್ಷೆ ಅವನದು, ತಪ್ಪು ಪೂರಾ ನನ್ನದು.

ಆ ನಾಲ್ಕು ನಿಮಿಷದಲ್ಲಿ ಆಯಿ ನೇರ ನಡೆದಿರಲೇ ಇಲ್ಲ. ಗಡಿ ಕಾಡಿನ ಒಳಕ್ಕೆ ಉಬ್ಬಿ, ಎರಡು ಹಲಸು, ಅರಿಶಿನದ ಮಡಿ, ಹಿರಿಯರ ಕಲ್ಲು ಎಲ್ಲವನ್ನೂ ಬಳಸಿ ಮತ್ತೆ ಹೊರಗೆ ಬರುತ್ತಿತ್ತು. ಹೊಸಬನ ನುಣ್ಣನೆಯ ಗೆರೆ ಅಷ್ಟನ್ನೂ ಕತ್ತರಿಸಿ ಕಾಡಿಗೆ ಬಿಟ್ಟುಕೊಟ್ಟಿತ್ತು. ಆ ಕಾಗದಕ್ಕೆ ಆಯಿ ಸಹಿ ಹಾಕಿದರೆ ಹಿರಿಯರು ಅವಳ ಹೊಲದಲ್ಲಿ ಇರುವುದಿಲ್ಲ.

ಬಸ್ಸಿನಲ್ಲಿ ಬರುವಾಗ ನಾನು ಯೋಚಿಸಿದ್ದನ್ನು ಮುಚ್ಚಿಡುವುದಿಲ್ಲ. ಹೇಳಿದರೆ, ಉಳಿದಿರುವ ಒಂದೇ ಒಂದು ಹೊಗಳಿಕೆಯೂ ಹೋಗುತ್ತದೆ. ಹೇಳದಿದ್ದರೆ, ಮುಂದೊಂದು ದಿನ ಮೇಲಿನವರು ಬಂದು ನೋಡುತ್ತಾರೆ, ನಕ್ಷೆ ಸುಳ್ಳೆನ್ನುತ್ತಾರೆ, ನಕ್ಷೆಯ ಕೆಳಗೆ ಅವನ ಹೆಸರಿದೆ. ಆಗ ಸರಿಪಡಿಸಿದರಾಯಿತು, ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ. ಹೀಗೆ ನನಗೆ ನಾನೇ ಹೇಳಿಕೊಂಡೆ. ಹೊಟ್ಟೆಕಿಚ್ಚಿಗೆ ಬಾಯಿ ಬಂದರೆ ಎಷ್ಟು ತಿಳಿದವರಂತೆ ಮಾತಾಡುತ್ತದೆ ನೋಡಿ.

ಶುಕ್ರವಾರ ಹೊಸಬ ಕುರ್ಚಿ ಎಳೆದುಕೊಂಡು ನನ್ನ ಮೇಜಿಗೇ ಬಂದ. “ಮೇಡಂ, ಆ ನಾಕ ನಿಮಿಷ ನನಗ್ಯಾಕೋ ಸರಿ ಅನಸವಲ್ದು. ನಿಮ್ಮ ಫಿಲ್ಟರ್ ಅಷ್ಟ್ ಹಟಾ ಮಾಡೈತಿ ಅಂದ್ರ ಸುಮ್ನ ಮಾಡಿರೂದಿಲ್ಲ. ನಿನ್ನಿ ಹೋಗಿದ್ರೆಲ್ಲ, ಏನರ ಕಂಡಿತೇನ್ರಿ?”

ಅವನು ನನ್ನ ಹಟಮಾರಿ ಫಿಲ್ಟರನ್ನು ನಂಬಿ ಕೇಳುತ್ತಿದ್ದ. ನಾನು ಪರದೆಯಿಂದ ಕಣ್ಣೆತ್ತಲಿಲ್ಲ.

“ಏನಿಲ್ಲ. ಮುದುಕಿ ದಣಿದು ಕುಂತಿರಬೇಕು” ಎಂದೆ.

“ಹಂಗಾರ ಆತು ಬಿಡ್ರಿ” ಎಂದು ನೆಮ್ಮದಿಯಿಂದ ಎದ್ದುಹೋದ.

ಶನಿವಾರ ಊರಿನ ಶಾಲೆಯ ಜಗಲಿಯಲ್ಲಿ ಸಮಿತಿ ಕೂತಿತು. ಅಧ್ಯಕ್ಷರು ಒಂದೊಂದೇ ಹೆಸರು ಕರೆದು ನಕ್ಷೆ ತೋರಿಸಿ ಸಹಿ ಮಾಡಿಸುತ್ತಿದ್ದರು. ಬುಧವಾರ ಎಲ್ಲ ಕಾಗದ ತಾಲೂಕಿಗೆ ಹೋಗುತ್ತದೆ, ಹೋದ ಮೇಲೆ ತಿದ್ದುವುದು ತಮ್ಮ ಕೈಯಲ್ಲಿಲ್ಲ ಎಂದು ಮೊದಲೇ ಸಾರಿದ್ದರು. ಆಯಿಯ ಸರದಿ ಬಂತು. ಅವಳು ಕಾಗದ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದಳು.

“ನನ್ನ ಹೊಲಕ್ಕ ಹೊಟ್ಟಿ ಐತೆಲ್ಲ. ಇದಕ್ಕ ಎಲ್ಲೈತಿ?”

“ಆಯಿ, ಮ್ಯಾಲಿಂದ ನೋಡಿದ್ರ ಹಂಗ ಕಾಣ್ತೈತಿ” ಎಂದರು ಅಧ್ಯಕ್ಷರು. ಯಾರೋ ನಕ್ಕರು. “ಯಂತ್ರ ಸುಳ್ಳ ಹೇಳ್ತೈತೇನು? ಮಾಡು ಸಹಿ.”

ಆಯಿ ಪೆನ್ನು ತೆಗೆದುಕೊಂಡಳು. ಹಾಳೆಗೆ ತಾಗಿಸುವ ಮೊದಲು ನನ್ನ ಕಡೆ ತಿರುಗಿದಳು. “ನೀ ನನ್ನ ಸಂಗಾಟ ನಡದೀದಿ. ಹಿರೇರು ಇದರೊಳಗ ಅದಾರೇನು? ಖರೇ ಹೇಳು.”

ಬಸ್ಸಿನಲ್ಲಿ ಕಟ್ಟಿಕೊಂಡ ಲೆಕ್ಕದಲ್ಲಿ ಈ ಪ್ರಶ್ನೆ ಇರಲಿಲ್ಲ. ಸಹಿ ಬೀಳುವಾಗ ನಾನು ಎಲ್ಲೋ ಹಿಂದೆ ಸುಮ್ಮನೆ ನಿಂತಿರುತ್ತೇನೆ ಎಂದುಕೊಂಡಿದ್ದೆ. ಆಯಿ ಪೆನ್ನನ್ನು ಮೊನ್ನೆ ಚಪ್ಪಲಿ ಹಿಡಿದಂತೆಯೇ ಅಲುಗಾಡದಂತೆ ಹಿಡಿದಿದ್ದಳು.

“ಇಲ್ಲ ಆಯಿ” ಎಂದೆ. “ಹೊರಗ ಬಿದ್ದಾರ. ಸಹಿ ಮಾಡಬ್ಯಾಡ.”

ಯಜಮಾನರು ನನ್ನನ್ನು ಕೊಲ್ಲುವಂತೆ ನೋಡಿದರು. ನಾನು ಚಪ್ಪಲಿಯ ಕತೆ ಹೇಳಿದೆ, ತಪ್ಪಿದ ಭಾಗ ನನ್ನದೆಂದೂ ಹೇಳಿದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, “ಮಂಗಳವಾರದ ತನಕಾ ಟೈಮು. ಆಮ್ಯಾಲ ನನ್ನ ಕೇಳಬ್ಯಾಡ್ರಿ” ಎಂದರು.

ಜೀಪಿನಲ್ಲಿ ವಾಪಸು ಸೂಪಾ ಹತ್ತಿರ ಬಂದಾಗ ಹೊಸಬ ಮುಂದಿನ ಸೀಟಿನಿಂದ ತಿರುಗಿ ಕೇಳಿದ. “ಯಾವಾಗ ಗೊತ್ತಾತ್ರಿ ನಿಮಗ?”

“ಗುರುವಾರ.”

“ನಾ ಶುಕ್ರವಾರ ಕೇಳಿದ್ನೆಲ್ರಿ” ಎಂದ. ಅಷ್ಟೇ. ತಿರುಗಿ ಹೊರಗೆ ನೋಡುತ್ತ ಕೂತ. ಬೈದಿದ್ದರೆ ನಾನೂ ನಾಲ್ಕು ಬೈಯುತ್ತಿದ್ದೆ, ಹಗುರಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಇಬ್ಬರೂ ಆಯಿಯ ಅಂಗಳದಲ್ಲಿದ್ದೆವು. ಹಿರಿಯರ ಮುಂದೆ ಚಪ್ಪಲಿ ನಡೆಯುವುದಿಲ್ಲ, ಅದು ಮುಗಿದ ಮಾತು. ಹಾಗಾದರೆ ಸಂವೇದಕದ ಪೆಟ್ಟಿಗೆಯನ್ನು ಚಪ್ಪಲಿಯಿಂದ ಕಿತ್ತು ಬರಿಗಾಲಿಗೆ ಕಟ್ಟಬೇಕು. ನಾನು ಚಪ್ಪಲಿಯ ಪಟ್ಟಿಯನ್ನೇ ಕತ್ತರಿಸಿ ಕಟ್ಟಲು ಹೋದೆ. “ಮೆಟ್ಟಿಂದು ಬ್ಯಾಡ” ಎಂದು ಆಯಿ ತಡೆದಳು. ಒಳಗೆ ಹೋಗಿ, ಹೊಲಿಯುತ್ತಿದ್ದ ಕೌದಿಯಿಂದ ಒಂದು ಕೆಂಪು ಚಿಂದಿ ಹರಿದು ತಂದಳು. ಅದರಿಂದ ಪೆಟ್ಟಿಗೆಯನ್ನು ಅವಳ ಕಣಕಾಲಿಗೆ ಗೆಜ್ಜೆಯ ಹಾಗೆ ಕಟ್ಟಿದೆವು.

ಕಣಕಾಲಿನ ಲೆಕ್ಕ ಬೇರೆ. ಪಾದ ನೆಲದಲ್ಲಿದ್ದರೂ ಕಣಕಾಲು ಮುಂದಕ್ಕೆ ವಾಲುತ್ತಿರುತ್ತದೆ. ಆಯಿಯನ್ನು ಅಂಗಳದಲ್ಲಿ, ಆಮೇಲೆ ತರಗೆಲೆಯ ಮೇಲೆ ಹತ್ತು ಹನ್ನೆರಡು ಸಲ ನಡೆಸಿ, ನಾನು ಮಿತಿಗಳನ್ನು ಹೊಸದಾಗಿ ಕಟ್ಟಿದೆ. ಬರಿಗಾಲು ಎಲೆಯನ್ನು ತುಳಿದು ನೆಲ ಹುಡುಕಿಕೊಳ್ಳುತ್ತದೆ, ಚಪ್ಪಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗಾಗಿ ಮಿತಿಯನ್ನು ಬಿಗಿ ಮಾಡಲು ಆಯಿತು. ಎರಡು ಸೆಕೆಂಡಿಗಿಂತ ಉದ್ದದ ನಿಲುವನ್ನು ಹೆಜ್ಜೆ ಎಂದು ನಂಬಬಾರದು, ಹಾಗೆ ಕಂಡರೆ ಸೊನ್ನೆ ವೇಗದ ತಿದ್ದುಪಡಿ ನಿಲ್ಲಿಸಿ ಅಂದಾಜಿನ ಮೇಲೆ ಅನುಮಾನ ಬೆಳೆಯಲು ಬಿಡಬೇಕು ಎಂದೂ ಸೇರಿಸಿದೆ.

ಉಳಿದದ್ದು ಫಿಲ್ಟರ್. ಚಿಂದಿಯಲ್ಲಿ ಕಟ್ಟಿದ ಪೆಟ್ಟಿಗೆ ಯಾವ ಕಡೆ ಮುಖ ಮಾಡಿದೆ ಎಂದು ದೇವರಿಗೇ ಗೊತ್ತು. ನನ್ನ ಫಿಲ್ಟರಿಗೆ ಇಪ್ಪತ್ತು ಮೀಟರ್ ನೇರ ದಾರಿ ಬೇಕು, ಆಯಿಯ ಹೊಲದಲ್ಲಿ ಬದುಗಳೆಲ್ಲ ಡೊಂಕು. ಅವನ ಫಿಲ್ಟರಿಗೆ ಅದು ಬೇಕಿಲ್ಲ. ಇದು ನನಗೆ ಬೆಳಿಗ್ಗೆಯೇ ಗೊತ್ತಿತ್ತು. ಆದರೂ ಊಟದ ಹೊತ್ತಿನವರೆಗೆ ನನ್ನದನ್ನೇ ತಿದ್ದುತ್ತ, ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವನು ಕಟ್ಟೆಯ ಆ ತುದಿಯಲ್ಲಿ ಕಾಯುತ್ತಿದ್ದ. ಕೊನೆಗೆ ಲ್ಯಾಪ್‌ಟಾಪನ್ನು ಅವನ ಕಡೆ ತಳ್ಳಿದೆ.

“ನಂದು ತಗದ ಒಗಿ. ನಿಂದ ಹಾಕು.”

“ನಿಮ್ಮ ಹೆಜ್ಜಿ ಭಾಗ ಮೇಡಂ?”

“ಅದು ಇರ್ಲಿ. ಆದ್ರ ಈ ಸಲ ಮುಟ್ಟಿ ನೋಡು. ಹಂಗ ತಗೋಬ್ಯಾಡ.”

ಅವನು ನೋಡಿದ. ಒಂದು ಕಡೆ ಸಮಯ ಅಳೆಯುವ ಸಾಲಿನಲ್ಲಿ ನನ್ನ ಅವಸರದ ತಪ್ಪೊಂದನ್ನು ಹಿಡಿದು ತಿದ್ದಿದ.

ಸಂಜೆಗೆ ಮುಂಚೆ ಆಯಿ ಒಬ್ಬಳೇ ಗಡಿ ನಡೆದು ಬಂದಳು. ಸೋಮವಾರ ಉಲ್ಟಾ ದಿಕ್ಕಿನಿಂದ ಇನ್ನೊಮ್ಮೆ ನಡೆದಳು. ಎರಡು ಗೆರೆಗಳೂ ಶುರುವಾದಲ್ಲಿಗೆ ಒಂದು ಹೆಜ್ಜೆಯೊಳಗೆ ಬಂದು ಸೇರಿದವು. ಕಾಡಿನ ಕಡೆ, ಎರಡರಲ್ಲೂ ಒಂದೇ ಜಾಗದಲ್ಲಿ, ಹೊಲಕ್ಕೆ ಹೊಟ್ಟೆ ಬಂದಿತ್ತು. ನನಗೆ ಖುಷಿಯಾಯಿತು. ಗೆರೆ ಎಷ್ಟು ಚೆಂದ ಬಂದಿದೆ ಎಂದು ಕಂಡ ಕೂಡಲೇ ಹೊಟ್ಟೆಯೂ ಉರಿಯಿತು.

ಮಂಗಳವಾರ ಅದೇ ಜಗಲಿ. ಆಯಿ ಕಾಗದದ ಉಬ್ಬಿನ ಮೇಲೆ ಬೆರಳಾಡಿಸಿದಳು. ಅಧ್ಯಕ್ಷರು ಪೆನ್ನು ಕೊಟ್ಟರು. ಅವಳು ಅವರನ್ನೂ ನೋಡಲಿಲ್ಲ, ಯಜಮಾನರನ್ನೂ ನೋಡಲಿಲ್ಲ.

“ಈಗ ಖರೇ ಐತೇನು?” ನನ್ನನ್ನೇ ಕೇಳಿದಳು.

ಐತಿ ಎಂದರೆ ಸಾಕಿತ್ತು. ಹೊಸಬ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

“ಖರೇ ಐತಿ ಆಯಿ. ಇವನ ಲೆಕ್ಕ ಖರೇ ಐತಿ” ಎಂದೆ. ಬಾಯಿ ಅಲ್ಲಿಗೇ ನಿಲ್ಲಲಿಲ್ಲ. “ಶುಕ್ರವಾರನ ಇಂವ ನನ್ನ ಕೇಳಿದ್ದ. ನಾನು ಗೊತ್ತಿದ್ದೂ ಸುಳ್ಳ ಹೇಳಿದೆ. ನೀ ದಣಿದು ಕುಂತಿದ್ದಿ ಅಂತ ಹೇಳಿದೆ.”

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನಾನು? ದಣಿದು ಕುಂತಿದ್ನ್ಯಾ?” ಎಂದಳು. ಉಳಿದದ್ದಕ್ಕಿಂತ ಅದೇ ಅವಳಿಗೆ ದೊಡ್ಡ ಅವಮಾನವಾದಂತಿತ್ತು. ಆಮೇಲೆ ಬಗ್ಗಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ನಿಧಾನವಾಗಿ ತನ್ನ ಹೆಸರು ಬರೆದಳು.

ಹೊರಡುವಾಗ ಆಯಿ ನಮ್ಮಿಬ್ಬರಿಗೂ ಹೊಲದ ಸೌತೆಕಾಯಿ ಕೊಟ್ಟಳು. ಡ್ರೈವರ್ ಎಂದಿನಂತೆ ಮುಂದಿನ ಸೀಟು ಒರೆಸಿ ಇಟ್ಟಿದ್ದ. ಹೊಸಬ ಅದನ್ನು ದಾಟಿ ಹಿಂದೆ ಹೋಗಿ ಕೂತ. ಸೀಟು ನನಗೆ ಬಿಟ್ಟಿದ್ದ. ಒಂದು ಕ್ಷಣ ನಿಂತೆ, ಆಮೇಲೆ ನಾನೂ ಹಿಂದೆ ಹತ್ತಿ ಅವನ ಪಕ್ಕದಲ್ಲಿ ಕೂತೆ. ಯಜಮಾನರು ಏನೂ ತಿಳಿಯದೆ ಮುಂದೆ ಕೂತರು. ಸೂಪಾ ದಾಟುವವರೆಗೆ ಇಬ್ಬರೂ ಸೌತೆಕಾಯಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆವು. ಅವನದು ನನ್ನದಕ್ಕಿಂತ ದೊಡ್ಡದಿತ್ತು. ನಾನು ಆಗಲೇ ಎರಡು ಸಲ ನೋಡಿದ್ದೆ.

“ಬದಲ್ ಮಾಡೂಣೇನ್ರಿ?” ಎಂದ ಅವನು, ಕಿಟಕಿಯ ಕಡೆ ನೋಡುತ್ತಲೇ.